ಚರಗಕ್ಕೆ ಓಗೊಟ್ಟವರು ಯಾರು?

ಇಂಥ ಬರಹಗಳನ್ನು ನಾನು ಹಿಂದೆ ನಗುತ್ತಲೇ ಓದುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಾರೆಂದಲ್ಲ, ಅವರು ಸರಿಯಾಗಿ ನೋಡಿರುವುದಿಲ್ಲ ಎಂದು ನನ್ನ ಎಣಿಕೆ. ಸರಿಯಾಗಿ ನೋಡಿದರೆ ಎಲ್ಲದಕ್ಕೂ ಒಂದು ಕಾರಣ ಸಿಕ್ಕೇ ಸಿಗುತ್ತದೆ ಎಂದು ಪ್ರಾಣಿಶಾಸ್ತ್ರ ಓದಿದ ನನಗೆ ಅನಿಸುತ್ತಿತ್ತು. ಈಗಲೂ ಬಹುಮಟ್ಟಿಗೆ ಹಾಗೆಯೇ ಅನಿಸುತ್ತದೆ, ಒಂದು ಮಧ್ಯಾಹ್ನವನ್ನು ಬಿಟ್ಟು. ಹೌದು, ಮಧ್ಯಾಹ್ನವೇ. ರಾತ್ರಿಯಾಗಿದ್ದರೆ ಕತ್ತಲೆಯ ಮೇಲೆ ಹಾಕಿ ಸುಮ್ಮನಾಗಬಹುದಿತ್ತು.

ಹೈದರಾಬಾದಿನಲ್ಲಿ ಓದುವಾಗ ಹಕ್ಕಿ ನೋಡುವ ಗೆಳತಿಯರ ಗುಂಪೊಂದರಲ್ಲಿದ್ದೆ. ಅವರ ಸಂದೇಶಗಳು ಈಗಲೂ ನನ್ನ ಫೋನಿಗೆ ಬರುತ್ತವೆ. ಈ ಚಳಿಗಾಲವಂತೂ ಆ ನಗರದ ಸುತ್ತಮುತ್ತ ಅಪರೂಪದ ಹಕ್ಕಿಗಳದ್ದೇ ಸುದ್ದಿ. ಕೆರೆಯೊಂದರಲ್ಲಿ ದಾರಿ ತಪ್ಪಿ ಬಂದ ಕಡಲಹಕ್ಕಿಯಂತೆ, ಹೊಸ ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ ಯಾರೂ ಕಂಡಿರದ ಗಿಡುಗವಂತೆ. ಗುಂಪಿನಲ್ಲಿ ಒಂದು ಕಟ್ಟಳೆಯಿತ್ತು: ಫೋಟೋ ಇರಬೇಕು, ಇಲ್ಲವೇ ಇನ್ನೊಬ್ಬರು ಅದೇ ಹಕ್ಕಿಯನ್ನು ನೋಡಿರಬೇಕು. ಎರಡೂ ಇಲ್ಲದಿದ್ದರೆ ಕಂಡದ್ದು ಕಂಡಂತಲ್ಲ. ಆ ಕಟ್ಟಳೆ ಮಾಡಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ನನ್ನ ಹಕ್ಕಿಯ ಸುದ್ದಿಯನ್ನು ಅವರಿಗೆ ಇಂದಿಗೂ ಕಳಿಸಿಲ್ಲ.

ನಾನು ಯಾದಗಿರಿಯಲ್ಲಿ ಪಾಠ ಹೇಳಿಕೊಂಡಿರುವವಳು. ನಮ್ಮ ಹೊಲ ಇರುವುದು ಶಹಾಪುರದ ಹತ್ತಿರ ಸಗರದಲ್ಲಿ. ಮುತ್ಯಾ, ಅಂದರೆ ನನ್ನ ಅಜ್ಜ, ಕಾಕಾ, ಕಾಕಿ ಅಲ್ಲಿದ್ದಾರೆ. ಕಾಲುವೆ ನೀರು ಬಂದ ಮೇಲೆ ಸುತ್ತಲಿನ ಕಪ್ಪುಮಣ್ಣಿನ ಎರೆಹೊಲಗಳೆಲ್ಲ ಭತ್ತದ ಗದ್ದೆಗಳಾದವು. ನಮ್ಮದೂ ಆಯಿತು, ನಡುವಿನ ಒಂದು ದಿನ್ನೆಯನ್ನು ಬಿಟ್ಟು. ಅದು ಎತ್ತರ, ಅಲ್ಲಿಗೆ ನೀರು ಏರುವುದಿಲ್ಲ. ಅದರ ಮೇಲೆ ಮುತ್ಯಾ ಬಿಳಿಜೋಳ ಬಿತ್ತಿಸುತ್ತಿದ್ದ, ಅಂಚಿಗೆ ನಾಲ್ಕು ಸಾಲು ಕಡಲೆ. ದಿನ್ನೆಯನ್ನು ಕಡಿದು ಮಟ್ಟ ಮಾಡಿಸಬೇಕೆಂದು ಕಾಕಾ ಬಹಳ ದಿನದಿಂದ ಹಟ ಹಿಡಿದಿದ್ದ. ನಾನು ಹೇಳುತ್ತಿರುವ ಆ ವರ್ಷ ದೇವಾಪುರದವನೊಬ್ಬನ ಜೆಸಿಬಿಯನ್ನೂ ಗೊತ್ತು ಮಾಡಿದ್ದ. ಎಳ್ಳಮಾವಾಸ್ಯೆಯ ಮರುದಿನ ಅದು ಬರುವುದಿತ್ತು.

ಹಬ್ಬದ ಹಿಂದಿನ ಸಂಜೆ ಕಟ್ಟೆಯ ಮೇಲೆ ಅದೇ ಮಾತು ನಡೆದಿತ್ತು. ಮುತ್ಯಾನಿಗೆ ಕಿವಿ ಬಹಳ ಮಂದ. ಅವನ ಜೊತೆ ಮಾತಾಡುವುದೆಂದರೆ ಓಣಿಗೆಲ್ಲ ಕೇಳುವಂತೆ ಮಾತಾಡುವುದು.

"ಸುತ್ತ ಎಲ್ಲಾರೂ ನೆಲ್ಲ ಹಚ್ಯಾರ ಯಪ್ಪಾ. ನಾವೊಬ್ರ ಜ್ವಾಳ ಹಿಡ್ಕೊಂಡು ಕುಂತೀವಿ!" ಎಂದು ಕಾಕಾ ಕೂಗಿದ.

"ಆ ದಿನ್ನಿ ನಿಂದೂ ಅಲ್ಲ, ನಂದೂ ಅಲ್ಲ. ಎರಿಭೂತದ್ದು" ಎಂದ ಮುತ್ಯಾ.

"ಪಹಣಿದಾಗ ಅದರ ಹೆಸರಿಲ್ಲಲ್ಲ!"

ಎರೆಭೂತ ಎಂದರೆ ದೆವ್ವವಲ್ಲ, ಹಕ್ಕಿ. ಆಡಿಗಿಂತ ಎತ್ತರ, ಬಿಳಿಯ ಉದ್ದ ಕೊರಳು, ನೆತ್ತಿಯ ಮೇಲೆ ಕರಿಟೋಪಿ. ಎರೆಹೊಲಗಳಲ್ಲಿ ಮನುಷ್ಯರಂತೆ ನಿಧಾನವಾಗಿ ನಡೆಯುತ್ತ, ನೋಡನೋಡುತ್ತ ಕಾಣೆಯಾಗುತ್ತಿದ್ದುದರಿಂದ ಆ ಹೆಸರು. ಮುತ್ಯಾನ ಹರೆಯದಲ್ಲಿ ದಿನ್ನೆಗೆ ಬರುತ್ತಿತ್ತಂತೆ. ಈಗ ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಿವೆ. ಒಣಭೂಮಿಯ ಹಕ್ಕಿ ಅದು, ಗದ್ದೆಗಳ ನಡುವೆ ಬದುಕುವುದಿಲ್ಲ.

ಮುತ್ಯಾ ಮಗನಿಗೆ ಹೇಳಿದ: "ನಾಳಿ ಚರಗಕ್ಕ ಅದು ಬಂದ್ರ ದಿನ್ನಿ ಬಿಡು. ಬರ್ಲಿಲ್ಲಂದ್ರ ನಿನ್ನ ಮಶೀನ್ ತರ್ಸು. ನಾ ಒಂದ್ ಮಾತ ಆಡಂಗಿಲ್ಲ."

ಕಾಕಾ ನನ್ನ ಕಡೆ ತಿರುಗಿದ. "ನೀನ ಸಾಕ್ಷಿ ನೋಡವ್ವ. ಏನಂತದ ನಿನ್ನ ಸೈನ್ಸು? ಬರ್ತದೇನು?"

ನನಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಮುತ್ಯಾನ ಕಿವಿಯ ಹತ್ತಿರ ಬಾಗಿ, "ಅದು ಇನ್ನ ಈ ಕಡೆ ಬರಂಗಿಲ್ಲ ಮುತ್ಯಾ" ಎಂದೆ.

ಅವನು ನನ್ನ ತಲೆ ಸವರಿದ. "ನೀ ಓದಿದ್ದು ಖರೆ ಇರಬೇಕವ್ವ. ಅದು ಓದಿಲ್ಲಲ್ಲ!"

ಎಲ್ಲರೂ ನಕ್ಕರು, ಕಾಕಾ ಎಲ್ಲರಿಗಿಂತ ಜೋರಾಗಿ. ದಿನ್ನೆ ಹೋದಂತೆಯೇ ಎಂದು ನನಗೆ ಖಾತ್ರಿಯಾಯಿತು. ಮುತ್ಯಾ ತಾನಾಗಿಯೇ ಅದನ್ನು ಬಿಟ್ಟುಕೊಡಲು ಒಂದು ಮರ್ಯಾದೆಯ ದಾರಿ ಹುಡುಕಿಕೊಂಡ ಎಂದೂ ಅನಿಸಿತು.

ಮರುದಿನ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡುಬು. ದಿನ್ನೆಯ ಮೂಡಣ ಮಗ್ಗುಲಿಗೆ ಬನ್ನಿಗಿಡವಿದೆ. ಅದರ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿದೆವು. ಆಮೇಲೆ ಚರಗ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಒಬ್ಬರು ಹೊಲದ ಅಂಚಿನುದ್ದಕ್ಕೂ ಅಡುಗೆಯನ್ನು ಭೂತಾಯಿಗೆಂದು ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಮುಂದೆ ಹೋಗುತ್ತಾರೆ. ಹಿಂದಿನವರು ತಂಬಿಗೆಯಿಂದ ನೀರು ಹನಿಸುತ್ತ "ಚಲ್ಲಂಬ್ರಿಗ್ಯೋ" ಎಂದು ಓಗೊಡಬೇಕು. ಓಗೊಡದೆ ಚರಗ ಪೂರ್ತಿಯಾಗುವುದಿಲ್ಲ.

ಪ್ರತಿವರ್ಷ ಹಿಂದೆ ಹೋಗುತ್ತಿದ್ದವಳು ಕಾಕಿ. ಆ ಸಲ ಅವಳ ಮೊಣಕಾಲು ಬಾತಿತ್ತು. ತಂಬಿಗೆಯನ್ನು ನನ್ನ ಕೈಗೆ ತುರುಕಿದಳು. "ಹೋಗು. ಕ್ಲಾಸಿನ್ಯಾಗ ಒದರತಿಯಲ್ಲ, ಇಲ್ಲೂ ಒದರು."

ನಾನು ಕ್ಲಾಸಿನಲ್ಲೂ ದನಿ ಎತ್ತುವವಳಲ್ಲ. ಆದರೂ ಹೊರಟೆ. ಕಾಕಾ ಮುಂದೆ, ಅವನ ಬೆನ್ನಿನ ಹಿಂದೆ ನಾನು. ಬನ್ನಿಗಿಡದ ಕೆಳಗಿನವರು ಕಾಣುವವರೆಗೆ ಹೇಗೋ ಸಣ್ಣಗೆ ಓಗೊಟ್ಟೆ. ಪಡುವಣ ಮೂಲೆಗೆ ತಿರುಗಿದಾಗ ದಿನ್ನೆಯೂ ಆಳೆತ್ತರದ ಜೋಳವೂ ನಡುವೆ ಬಂದು ಅವರು ಮರೆಯಾದರು. ಯಾರೂ ನೋಡುತ್ತಿಲ್ಲವೆಂದಾದ ಮೇಲೆ ಕೂಗುವುದು ಇನ್ನೂ ಸಂಕೋಚವೆನಿಸಿತು. ಕಾಕಾ "ಹುಲ್ಲುಲ್ಲಿಗ್ಯೋ" ಎಂದ. ನಾನು ಬಾಯಿ ತೆರೆಯಲಿಲ್ಲ.

ಓಗೊಟ್ಟಿತು.

ಅದು ಮಾತಲ್ಲ. ಜೋಳ ತುಂಬಿಡುವ ನೆಲಹಗೇವಿನೊಳಗೆ ಬಾಯಿಟ್ಟು ಯಾರೋ "ಹೂಂ" ಎಂದ ಹಾಗಿತ್ತು. ನನ್ನ ಕೈಯ ತಂಬಿಗೆಯಲ್ಲಿ ಅದರ ಅದುರು ತಿಳಿಯಿತು. ಕಾಕಾ ತಿರುಗಲಿಲ್ಲ. ರೊಟ್ಟಿಯ ಚೂರು ಚೆಲ್ಲಿ ಮತ್ತೆ ಕೂಗಿದ. ಮತ್ತೆ "ಹೂಂ."

"ಭಲೇ!" ಎಂದ ಕಾಕಾ ನಡೆಯುತ್ತಲೇ. "ಎಲ್ಲಿ ಮುಚ್ಚಿಟ್ಟಿದ್ದಿ ಈ ದನಿ? ಗಂಡಸರಂಗ ಒದರತಿಯಲ್ಲ!"

ನಾನು ಬಲಕ್ಕೆ ನೋಡಿದೆ. ಕಡಲೆ ಸಾಲುಗಳಲ್ಲಿ, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರದಲ್ಲಿ, ಅದು ನಿಂತಿತ್ತು. ಬಿಳಿಯ ಕೊರಳು, ಕರಿಯ ನೆತ್ತಿ, ಎದೆಗೆ ಅಡ್ಡಲಾಗಿ ಕರಿಪಟ್ಟಿ. ನನ್ನನ್ನು ನೋಡಿತು. ಹೆದರಿಕೆಯಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಮನೆಗೆ ಬಂದ ಹಿರಿಯರನ್ನು ಕಂಡಾಗ ಆಗುವಂಥ ಒಂದು ಮರ್ಯಾದೆ ಮಾತ್ರ ಮೂಡಿತು. ಅದು ಅವಸರವಿಲ್ಲದೆ ತಿರುಗಿ, ಜೋಳದೊಳಗೆ ನಡೆದು ಹೋಯಿತು. "ಕಾಕಾ" ಎಂದು ನನ್ನ ಬಾಯಿಂದ ಹೊರಟಾಗ ಜೋಳದ ಎಲೆಗಳು ಇನ್ನೂ ಅಲ್ಲಾಡುತ್ತಿದ್ದವು.

"ನಾ ಓಗೊಟ್ಟಿಲ್ಲ ಕಾಕಾ. ಅದು."

ಅವನು ನನ್ನ ಮುಖ ನೋಡಿದ, ಆಮೇಲೆ ಜೋಳವನ್ನು. ಇಬ್ಬರೂ ಒಳಹೊಕ್ಕು ಸಾಲುಸಾಲೂ ನೋಡಿದೆವು. ಬಿರುಕುಬಿಟ್ಟ ಒಣ ಎರೆಯಲ್ಲಿ ಹೆಜ್ಜೆ ಮೂಡುವುದಿಲ್ಲ. ಹಕ್ಕಿ ಇರಲಿಲ್ಲ. ಅಷ್ಟು ದೊಡ್ಡ ರೆಕ್ಕೆಗಳು ಎದ್ದರೆ ಬನ್ನಿಗಿಡದವರಿಗೆ ಕಾಣದೆ ಇರದು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಅವರಿಗೆ ಏನೂ ಕಂಡಿರಲಿಲ್ಲ, ಏನೂ ಕೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಅಪರೂಪದ ಹಕ್ಕಿಯೊಂದು ಹಾದುಹೋಯಿತು ಎನ್ನಬಹುದಿತ್ತು. ನಾವು ಗಿಡದ ಬಳಿ ಬಂದಾಗ, ಇನ್ನೂ ಯಾರೂ ತುಟಿ ಬಿಚ್ಚುವ ಮೊದಲೇ, ಮುತ್ಯಾ ನನ್ನನ್ನು ಹತ್ತಿರ ಕರೆದ.

"ಪಡುವಣ ಮೂಲ್ಯಾಗ ಸುಮ್ನಾದಿ, ಹೌದಿಲ್ಲೋ?"

ನಾನು ತಲೆಯಾಡಿಸಿದೆ.

"ನಿಮ್ಮಮ್ಮನೂ ಅಲ್ಲೇ ಸುಮ್ನಾಗಿದ್ಳು. ಹೊಸಾ ಸೊಸಿ, ನಾಚಿಕಿ. ಆಕಿ ಬದ್ಲಿ ಅದು ಓಗೊಟ್ಟಿತ್ತು." ಅಷ್ಟು ಹೇಳಿ ಹೋಳಿಗೆ ಮುರಿದುಕೊಂಡ, ಹವಾಮಾನದ ಮಾತಾಡಿದವನಂತೆ.

ಅಮ್ಮ ಎಂದರೆ ನಮ್ಮ ಕಡೆ ಅಜ್ಜಿ, ಮುತ್ಯಾನ ಹೆಂಡತಿ. ನಾನು ಹುಟ್ಟುವ ಮೊದಲೇ ಅವಳು ತೀರಿಕೊಂಡಿದ್ದಳು. ಈ ಮಾತನ್ನು ಕಾಕಾ ಎಂದೂ ಕೇಳಿರಲಿಲ್ಲ, ಕಾಕಿಯೂ ಕೇಳಿರಲಿಲ್ಲ. ಕಿವಿ ಮಂದವಾದ ಮನುಷ್ಯ, ದಿನ್ನೆಯ ಆಚೆ ನಾನು ಸುಮ್ಮನಾದದ್ದನ್ನು ಹೇಗೆ ಬಲ್ಲ?

ಕಾಕಾ ಊಟವನ್ನು ಅರ್ಧಕ್ಕೆ ಬಿಟ್ಟು ಫೋನು ತೆಗೆದ. "ತಮ್ಮಾ, ನಾಳಿ ಮಶೀನ್ ಕಳಸಬ್ಯಾಡ... ಯಾಕಂದ್ರ ಏನ್ ಹೇಳ್ಲಿ? ಹಿರ್ಯಾರು ಬ್ಯಾಡ ಅಂದ್ರು ಅಂತ ತಿಳ್ಕೊ." ಫೋನಿಟ್ಟು ನನಗೆ ಮಾತ್ರ ಕೇಳುವಂತೆ, "ನೀನ ಒದರಿದ್ದಿ ಅಂದ್ರೂ ನಡೀತದ. ನನಗ ಕೇಳಿಸ್ಯಾದ, ಮಾತಂದ್ರ ಮಾತು" ಎಂದ.

ಆಮೇಲೆ ನನ್ನ ಅಭ್ಯಾಸದಂತೆ ಎಲ್ಲವನ್ನೂ ತೂಗಿ ನೋಡಿದ್ದೇನೆ. ತಂಬಿಗೆಯ ಬಾಯಿಗೆ ಗಾಳಿ ಬಡಿದು ಬಂದ ಸದ್ದೇ? ಅದೇ ತಂಬಿಗೆಗೆ ಎಷ್ಟೋ ಸಲ ಊದಿದೆ, ಸಿಳ್ಳು ಬರುತ್ತದೆಯೇ ಹೊರತು ಆ "ಹೂಂ" ಬರುವುದಿಲ್ಲ. ಗದ್ದೆಗೆ ಬರುವ ದೊಡ್ಡ ಕೊಕ್ಕರೆಯೇ? ಅವನ್ನು ನಾನು ಬಲ್ಲೆ. ಎರೆಭೂತವೇ ಎಂದರೆ, ಅದರ ಗಂಡು ಕೂಗುವುದು ಬೇಸಿಗೆ ಮಳೆಗಾಲಗಳಲ್ಲಿ, ಎಳ್ಳಮಾವಾಸ್ಯೆಯ ಚಳಿಯಲ್ಲಲ್ಲ. ಕಾಕಾ ತಮಾಷೆ ಮಾಡಿದನೇ ಎಂದರೆ, ಆ ದಿನ ಗೆಲ್ಲಬೇಕಾದವನೇ ಅವನು. ಸೋಲಲು ಯಾಕೆ ದನಿ ತೆಗೆದಾನು? ನೋಡಿದವಳು ನಾನೊಬ್ಬಳೇ. ಕಾಕಾ ಬರೀ ಕೇಳಿದ, ಅದನ್ನೂ ನನ್ನ ದನಿಯೆಂದೇ ತಿಳಿದ. ನಮ್ಮದೇ ಕಟ್ಟಳೆಯ ಪ್ರಕಾರ ಅಲ್ಲಿ ಹಕ್ಕಿ ಇರಲಿಲ್ಲ.

ದಿನ್ನೆ ಇದೆ. ಮುತ್ಯಾನೂ ಇದ್ದಾನೆ. ಕೇಳಿದರೆ "ಅದರಾಗೇನದ ಅಷ್ಟ ಕೇಳೂದು?" ಎನ್ನುತ್ತಾನೆ. ಪ್ರತಿ ಎಳ್ಳಮಾವಾಸ್ಯೆಗೂ ತಂಬಿಗೆ ಈಗ ನನ್ನದೇ. ಕೂಗುವುದನ್ನೂ ಕಲಿತಿದ್ದೇನೆ. ಬನ್ನಿಗಿಡದ ಕೆಳಗೆ ಕಾಕಿ ಚಪ್ಪಾಳೆ ತಟ್ಟುವಷ್ಟು ಚೆನ್ನಾಗಿ ಕೂಗುತ್ತೇನೆ. ಪಡುವಣ ಮೂಲೆಗೆ ಬಂದಾಗ ಮಾತ್ರ ಕಾಕಾ ಒಮ್ಮೆ ಕೂಗಿ ನಿಲ್ಲುತ್ತಾನೆ, ತಿರುಗಿ ನೋಡುವುದಿಲ್ಲ. ಜೋಳದೊಳಗೆ ಗಾಳಿ ಆಡುತ್ತದೆ. ಮೊದಲು ಓಗೊಡುವ ಸರದಿ ಅಲ್ಲಿ ನನ್ನದಲ್ಲ. ನಾನು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.