ಪಾರಿಸನ ನಾಲಿಗೆಗೆ ಹತ್ತಿದ ರುಚಿ

ಮಿರಜ ಹತ್ತಿರದ ಆರಗದ ಪಾರಿಸ ಒಣದ್ರಾಕ್ಷಿ ಮಾಡುವ ಮನೆತನದವನು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಉಳ್ಳಾಗಡ್ಡಿ ಒಳಗೆ ಬರುವುದಿಲ್ಲ. ಬಸದಿಯಲ್ಲಿ ಬೆಳಗಿನ ಅಭಿಷೇಕಕ್ಕೆ ಪುರೋಹಿತ ಉಪಾಧ್ಯೆಯವರು ಅವನನ್ನೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಾಂಗಲಿ-ಮಿರಜ ರಸ್ತೆಯ ಹೊಲಗಳೆಲ್ಲ ಶೋರೂಮು, ಹೋಟೆಲುಗಳಾಗುತ್ತಿದ್ದವು. ಆಗ ಹೊಸದೊಂದು ವೈನ್ ಕಂಪನಿಯವರು ಹಳ್ಳಿ ಹಳ್ಳಿ ತಿರುಗಿ, ಬೇರೆ ಜಾತಿಯ ದ್ರಾಕ್ಷಿ ಹಚ್ಚಿರಿ, ನಾವೇ ಕೊಳ್ಳುತ್ತೇವೆ ಎಂದರು. ಪಾರಿಸ ಒಪ್ಪಿಕೊಂಡ. ಈ ಹಣ್ಣು ಯಾತಕ್ಕೆ ಎಂದು ತಾಯಿ ಚಂಪಾಬಾಯಿ ಕೇಳಿದಾಗ ಜೂಸ್ ಮಾಡುತ್ತಾರಂತೆ ಎಂದುಬಿಟ್ಟ. ಹೆಂಡತಿ ಛಾಯಾಳಿಗೆ ನಿಜ ಗೊತ್ತಿತ್ತು. ಅವಳು ರೊಟ್ಟಿ ಬಡಿಯುತ್ತ ಕುಳಿತಳು.

ಮೊದಲ ಫಸಲು ಬಾಟಲಿಗೆ ಇಳಿದ ಮೇಲೆ ಕಂಪನಿಯವರು ಬೆಳೆಗಾರರನ್ನು ಒಂದು ಮಧ್ಯಾಹ್ನ ಹೊಸ ಹೋಟೆಲಿಗೆ ಕರೆದರು. ಗ್ಲಾಸುಗಳನ್ನು ಸಾಲಾಗಿ ಇಟ್ಟಿದ್ದರು. ಅನುಜಾ ಎಂಬ ಅಧಿಕಾರಿಣಿ, ಬಾಯಲ್ಲಿ ಆಡಿಸಿ ಈ ಪಾತ್ರೆಗೆ ಉಗುಳಿರಿ, ನುಂಗಲೇಬೇಕೆಂದಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಪಾರಿಸನಿಗೆ ಧೈರ್ಯ ಬಂತು.

ಮೊದಲ ಬಿಳಿ ವೈನು ಎಳೆಗಾಯಿ ಕಚ್ಚಿದಷ್ಟು ಹುಳಿ. ಮುಖ ಕಿವುಚಿ ಉಗುಳಿದ. ಎರಡನೆಯದು ಬಿಳಿಯೇ, ಆದರೆ ಮೃದು. ಹಣ್ಣಾದ ಪೇರಲದ ವಾಸನೆ. ಉಗುಳಲು ಕೊಂಚ ತಡವಾಯಿತು. ಆಮೇಲೆ ಬಂದ ಕೆಂಪು ವೈನು ಕುದಿಸಿ ಕುದಿಸಿ ಕೆಟ್ಟ ಚಹಾದ ಹಾಗೆ ಒಗರು; ನಾಲಿಗೆ ದೊರಗಾಯಿತು. ಇದಕ್ಕಾಗಿ ಜನ ಮನೆ ಹಾಳು ಮಾಡಿಕೊಳ್ಳುತ್ತಾರೆಯೇ ಎಂದು ನಗು ಬಂತು.

ಕೊನೆಯ ಕೆಂಪು ಅವನ ಹೊಲದ ಹಣ್ಣಿನದು. ಮೂಗಿನ ಹತ್ತಿರ ತಂದರೆ ಬಿಸಿಲಿಗೆ ಕಾದ ಒಣದ್ರಾಕ್ಷಿ ಶೆಡ್ಡಿನ ವಾಸನೆ. ಬಾಯಲ್ಲಿ ಮೊದಲು ನೇರಳೆ, ಹಿಂದಿನಿಂದ ಮೆಣಸಿನ ಬಿಸಿ, ಆಮೇಲೆ ಹೆಸರಿಡಲಾಗದ ಒಂದು ಸವಿ ಗಂಟಲ ತನಕ. ಪಾತ್ರೆಯ ನೆನಪಾಗುವಷ್ಟರಲ್ಲಿ ನುಂಗಿಬಿಟ್ಟಿದ್ದ. ಅದೂ ಸಾಲದೆ ಗ್ಲಾಸನ್ನು ಮತ್ತೆ ಮುಂದೆ ಚಾಚಿದ.

ಪಕ್ಕದಲ್ಲಿದ್ದ ಖಂಡೇರಾಜುರಿಯ ಬೆಳೆಗಾರ ಗುರುಸಿದ್ಧಪ್ಪ ನಕ್ಕ. "ಪಾರಿಸಣ್ಣಾರು ಇದನ್ನ ಉಗಳಲಿಲ್ಲಲ್ಲರಿ."

ಪಾರಿಸನ ಕಿವಿ ಬಿಸಿಯಾದವು. ಆದರೂ ಎರಡನೆಯ ಗ್ಲಾಸು ಖಾಲಿಯಾಯಿತು.

ಕಂಪನಿ ಕೊಟ್ಟ ಬಾಟಲಿಯನ್ನು ದಾರಿಯಲ್ಲಿ ಎಲ್ಲಾದರೂ ಬಿಟ್ಟುಬರಬಹುದಿತ್ತು. ಬಿಡಲು ಮನಸ್ಸಾಗಲಿಲ್ಲ. ಯಾಲಕ್ಕಿ ಅಗಿಯುತ್ತ ಬಸ್ಸಿಳಿದು ಮನೆಗೆ ಬಂದರೆ ತಾಯಿ ಕಟ್ಟೆಯ ಮೇಲೆಯೇ ಇದ್ದಳು. ಚೀಲದಲ್ಲಿ ಬಾಟಲಿ ಕಂಡು ಮುಖ ಅರಳಿತು.

"ನಮ್ಮ ಹೊಲದ್ದ ಜೂಸೇನೊ? ತಾ ಇಲ್ಲೆ. ನಾಳೆ ಬಸದ್ಯಾಗ ಅಭಿಷೇಕಕ್ಕ ಕೊಡೋಣು." ಎರಡೂ ಕೈ ಚಾಚಿದಳು.

ಪಾರಿಸ ಹಿಂದೆ ಸರಿದ. "ಮುಟ್ಟಬ್ಯಾಡ್ರಿ ಅವ್ವಾ. ಜೂಸ್ ಅಲ್ಲರಿ ಅದು. ದಾರೂ."

ಚಾಚಿದ ಕೈ ಹಾಗೇ ನಿಂತವು. ಛಾಯಾ ಬಾಗಿಲಿಗೆ ಬಂದಳು.

"ಕುಡದಿ?" ತಾಯಿ ಕೇಳಿದಳು.

"ಹೂಂರಿ."

"ರುಚಿ ಹತ್ತಿತೇನು?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಛಾಯಾ ಅದನ್ನೇ ಕಾಯುತ್ತಿದ್ದಳು. ತಾಯಿಗೆ ಮತ್ತೊಂದು ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಹತ್ತಿತ್ರಿ."

ಚಂಪಾಬಾಯಿ ಬೈಯಲಿಲ್ಲ. ಹಿತ್ತಲಿಗೆ ಹೋಗಿ, ಬಾಟಲಿಯನ್ನು ಮುಟ್ಟದಿದ್ದ ಕೈಗಳನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಅದನ್ನು ನೋಡಿ ಪಾರಿಸನಿಗೆ ಭೂಮಿ ಬಾಯ್ತೆರೆಯಬಾರದೇ ಎನ್ನಿಸಿತು. ಛಾಯಾ ಬಾಟಲಿ ಕಸಿದುಕೊಂಡು ಬಚ್ಚಲ ಕಾಲುವೆಗೆ ಸುರಿದಳು. ವಾಸನೆ ಎದ್ದಿತು. ಪಾರಿಸ ಉಸಿರು ಬಿಗಿ ಹಿಡಿದ. ತಡೆಯಲಾರದೆ ಮೆಲ್ಲಗೆ ಎಳೆದುಕೊಂಡ. ಅವಳು ಅದನ್ನೂ ಕಂಡಳು.

ಮರುದಿನ ತಾನಾಗಿಯೇ ಉಪಾಧ್ಯೆಯವರಿಗೆ ಹೇಳಿದ. ಅವರು ಹೇಳಿದ ಉಪವಾಸ ಮಾಡಿದ. ಆದರೆ ರುಚಿಯ ಮಾತನ್ನು ಅವರೆದುರು ಎತ್ತಲಾಗಲಿಲ್ಲ. ಅಭಿಷೇಕಕ್ಕೆ ಕರೆದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳತೊಡಗಿದ.

ಮುಂದಿನ ಹಂಗಾಮಿಗೆ ಕಂಪನಿಯವರು ಎಷ್ಟು ಹೇಳಿದರೂ ಕೇಳದೆ ಆ ಬಳ್ಳಿಗಳನ್ನು ಕಡಿಸಿ, ಬುಡಕ್ಕೆ ಹಳೆಯ ಜಾತಿಯ ಕಸಿ ಕಟ್ಟಿಸಿದ. ಬಾಟಲಿ ಕಂಡ ದಿನದಿಂದ ಹೊಲದ ಆ ಕಡೆಗೆ ಹಾಯದೇ ಇದ್ದ ತಾಯಿ ಅಂದು ಬುತ್ತಿ ಹೊತ್ತು ಬಂದಳು. ಆಳುಗಳಿಗೆಲ್ಲ ಬಡಿಸಿ, ಕಡೆಗೆ ಅವನ ತಾಟಿಗೂ ಕಡಲೆಹಿಟ್ಟಿನ ಜುಣಕ ಹಾಕಿದಳು. ಪಾರಿಸ ತಲೆ ಎತ್ತದೆ ಉಂಡ.