ಸೊಸಿ ಹಲ್ಲಿಗಿ ತಾರ

ಹುಮನಾಬಾದದಾಗ ನಂದೊಂದು ಹಲ್ಲಿನ ದವಾಖಾನಿ ಅದ. ಹಲ್ಲು ಹಾಳಾದವರು ಅಲ್ಲಿಗಿ ಬರೋದು ಕಡಿಮಿ, ಫೋಟೋ ಹಾಳಾದವರೇ ಜಾಸ್ತಿ.

ಮೊನ್ನೆ ಬಸವಕಲ್ಯಾಣದ ಹೆಣ್ಣುಮಗಳೊಬ್ಬಳು, ನಿಶ್ಚಯ ಆದ ಸೊಸಿನ್ನ ಎಳಕೊಂಡು ಬಂದಳು. ಸೊಸಿ ರಾಜೇಶ್ವರ ಊರಿನ ಹುಡುಗಿ.

"ಡಾಕ್ಟರ್ ಸಾಬ್, ನಕ್ಕರ ಈಕಿದೊಂದು ಹಲ್ಲ ಸೊಟ್ಟ ಕಾಣ್ತದ. ಬರೋ ತಿಂಗಳ ಮದುವಿ ಅದ. ಫೋಟೋದಾಗ ಛಂದ ಕಾಣಬೇಕು, ಹಲ್ಲು ನೆಟ್ಟಗ ಮಾಡೋ ತಾರ ಕಟ್ರಿ."

ನೋಡಿದೆ. ಕೋರೆಹಲ್ಲು ಒಂದು ತುಸು ತಿರುಗಿತ್ತು, ಅಷ್ಟೇ. ಉಳಿದವೆಲ್ಲ ಕಬ್ಬು ಸೀಳೋ ಗಟ್ಟಿ ಹಲ್ಲು.

"ತಾರ ಕಟ್ಟಿದ್ರ ವರ್ಷದ ಮ್ಯಾಲ ಇರ್ತದರಿ. ಮದುವಿ ಫೋಟೋದಾಗ ತಾರನ ಮಿಂಚತದ," ಅಂದೆ.

"ಫೋನಿನಾಗ ಫೋಟೋದ ಹಲ್ಲು ಗಳಿಗ್ಯಾಗ ಸರಿ ಆಗ್ತದ, ನಿಮಗ್ಯಾಕ ಆಗಂಗಿಲ್ಲ?" ಅಂತ ನನ್ನನ್ನೇ ದಬಾಯಿಸಿದಳು.

ಹಲ್ಲು ಯಾರದದನೋ ಆ ಹುಡುಗಿನ್ನ ಯಾರೂ ಕೇಳಿರಲಿಲ್ಲ. "ನಿನಗ ಹ್ಯಾಂಗ ಅನಸ್ತದವ್ವಾ?" ಅಂದೆ.

"ನನಗ ಇದ ಛಂದ ಅದರಿ. ಅಲ್ಲದ, ಇವರ ಮನಿಗಿ ಹೋದ ಮ್ಯಾಲ ನಗೋ ಪ್ರಸಂಗ ಎಲ್ಲಿ ಬರ್ತದರಿ?"

ಯಾರದೇ ಬಾಯಿ ತೆರೆಸಬೇಕಂದ್ರ ನಾನು ನಾಕು ಸಲ "ಆ ಅನ್ರಿ" ಅನ್ನಬೇಕು. ಈ ಮಾತಿಗಿ ಅತ್ತಿ ಬಾಯಿ ತಾನಾಗೇ ತೆರೀತು. ಒಳಗ ಎರಡು ದವಡಿಹಲ್ಲು ಹುಳ ತಿಂದು ಕರ್ರಗಾಗಿದ್ದವು. ಅವು ಫೋಟೋದಾಗ ಬರೋದಿಲ್ಲ ನೋಡ್ರಿ.