ಪ್ರಿಂಟರ್ ನಿಲ್ಲದ ದಿನ

೧೯೮೯ರ ಬೇಸಿಗೆ ರಜೆ. ಕಾರವಾರದ ಕಾಲೇಜೊಂದರಲ್ಲಿ ನಾನು ಜವಾನನಾಗಿದ್ದೆ. ಊರು ಅಂಕೋಲೆಯ ಕೇಣಿ. ಆರನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ದೋಣಿ ಹತ್ತಿದವನು. ಕೆಲಸ ಸಿಕ್ಕ ಮೇಲೂ ಬಿಡುವಿನಲ್ಲಿ ಬಲೆ ಹೆಣೆಯುತ್ತಿದ್ದೆ. ನಾನು ಹಾಕಿದ ಗಂಟು ಜಾರಿತು ಎಂದು ಕೇಣಿಯಲ್ಲಿ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಆ ವರ್ಷ ಕಾಲೇಜಿಗೆ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಬಂದವು. ಅಧ್ಯಾಪಕರಿಗೆ ಪ್ರೋಗ್ರಾಂ ಬರೆಯಲು ಕಲಿಸುವುದಕ್ಕೆ ಧಾರವಾಡದಿಂದ ಒಬ್ಬ ಮೇಡಂ ಬಂದರು. ಕೋಣೆಯ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ದೊಡ್ಡ ದೊಡ್ಡ ಪದವಿ ಪಡೆದವರೆಲ್ಲ ಕೈಕಟ್ಟಿ ನಿಂತಿದ್ದರು. ಮೊದಲು ಮುಟ್ಟಲು ಯಾರಿಗೂ ಧೈರ್ಯವಿಲ್ಲ. "ನೀವೇ ಹಿರಿಯರು" ಎಂದು ಎಲ್ಲರೂ ಸೇರಿ ಇತಿಹಾಸದ ಭಟ್ ಸರ್ ಅವರನ್ನು ಕೂರಿಸಿದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವರು. ಅವರು ಬಂದರೆ ಇಡೀ ಕಾಲೇಜು ಎದ್ದು ನಿಲ್ಲುತ್ತಿತ್ತು. ನಾನು ಬಾಗಿಲ ಬಳಿ ಸ್ಟೂಲಿನಲ್ಲಿ ಕೂತು ಪಾಠ ಕೇಳುತ್ತಿದ್ದೆ.

ಮೂರನೇ ದಿನ ಸರ್ ತಮ್ಮ ಹೆಸರು ಅಚ್ಚಾಗುವ ಹಾಗೆ ನಾಲ್ಕು ಸಾಲು ಬರೆದರು. ಪ್ರಿಂಟರ್ ಕರಕರ ಎಂದು ಹೆಸರು ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅದು ನಿಲ್ಲಲೇ ಇಲ್ಲ, ಅದೇ ಹೆಸರನ್ನು ಮತ್ತೆ ಮತ್ತೆ ಹೊಡೆಯಿತು. ಕಾಗದ ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ಸುರಿಯತೊಡಗಿತು.

"ಸಾಕು ಭಟ್ರೇ, ಗೋವಾ ಗಡಿ ಮಾಜಾಳಿವರೆಗೆ ಹಂಚೂಕೆ ಆಯ್ತು" ಎಂದು ಯಾರೋ ನಕ್ಕರು.

ಸರ್ ಮುಖ ಬಿಳುಚಿಹೋಯಿತು. ಪಕ್ಕದ ಕೋಣೆಯಲ್ಲಿದ್ದ ಮೇಡಂ ಓಡಿಬಂದು ನಿಲ್ಲಿಸುವಷ್ಟರಲ್ಲಿ ಅವರು ಬರಿಗಾಲಲ್ಲೇ ಹೊರಟುಹೋಗಿದ್ದರು.

ಅವರ ಚಪ್ಪಲಿ ಹಿಡಿದು ಹಿಂದೆಯೇ ಹೋದೆ. ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತಿದ್ದರು.

"ಗಣಪಾ, ನಾ ನಾಳೆಯಿಂದ ಬರೂದಿಲ್ಲ ಹೇಳಿ ಮೇಡಂಗೆ ಹೇಳು. ಈ ವಯಸ್ಸಿಗೆ ಮಷಿನು ಹಾಳು ಮಾಡಿದ ಹೆಸರು ಬೇಡ."

"ಹಾಳಾಗಲಿಲ್ಲ ಸರ್. ನೀವು ಹೇಳಿದ್ದೇ ಮಾಡ್ತು ಅದು."

"ನಿಂಗೆಂತ ಗೊತ್ತು ಮಾರಾಯಾ?"

ಆ ಮಾತು ಚುಚ್ಚಿತು. ಕಪಾಟಿನಲ್ಲಿದ್ದ ಅರ್ಧ ಹೆಣೆದ ಬಲೆ ತಂದು ಅವರ ಮೇಜಿನ ಮೇಲೆ ಹಾಸಿದೆ.

"ಇದು ಗೊತ್ತುಂಟು ಸರ್. ಗಂಟು ಹಾಕು, ಮತ್ತೊಂದು ಹಾಕು ಅಂದ್ರೆ ನಾನೂ ಹಾಕ್ತಾನೇ ಇರ್ತೆ. ಸಾಲಿಗೆ ಇಷ್ಟು ಗಂಟು ಅಂತ ಮೊದ್ಲೇ ಹೇಳ್ಬೇಕು. ನೀವು ಎಷ್ಟು ಸಲ ಅಂತ ಹೇಳಲಿಲ್ಲ, ಅಷ್ಟೇ."

ಸರ್ ಬಲೆಯನ್ನು ಹತ್ತಿರ ಎಳೆದುಕೊಂಡರು. ಒಂದು ಸಾಲಿನ ಗಂಟುಗಳನ್ನು ಬೆರಳಿಟ್ಟು ಎಣಿಸಿದರು. "ಎಂಬತ್ತು" ಎಂದರು. ಮುಂದಿನ ಸಾಲನ್ನೂ ಎಣಿಸಿದರು. ಅದೂ ಎಂಬತ್ತು. ಎದ್ದು ಚಪ್ಪಲಿ ಮೆಟ್ಟಿದರು. "ನಡಿ, ನೀನೂ ಬಾ."

ಮತ್ತೆ ಕಂಪ್ಯೂಟರ್ ಮುಂದೆ ಕೂತು, ಈ ಸಲ ಹತ್ತು ಸಲ ಎಂಬ ಲೆಕ್ಕ ಸೇರಿಸಿ ಬರೆದರು. ಹತ್ತನೇ ಹೆಸರಿಗೆ ಪ್ರಿಂಟರ್ ನಿಂತಿತು. ಯಾರೂ ನಗಲಿಲ್ಲ. ಸರ್ ಕುರ್ಚಿಯಲ್ಲೇ ಹಿಂದೆ ತಿರುಗಿ ಕೇಳಿದರು: "ನಿನ್ನ ಹೆಸರು ಎಷ್ಟು ಸಲ ಬೇಕೋ ಗಣಪಾ?"

"ಒಂದೇ ಸಾಕು ಸರ್."

ನನ್ನ ಹೆಸರು ಒಂದೇ ಸಲ ಅಚ್ಚಾದ ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಶಾಯಿ ಮಾಸಿದೆ. ನಾನು ಶಾಲೆ ಬಿಟ್ಟಾಗ ಹಾಜರಿ ಪುಸ್ತಕದಲ್ಲಿ ಮಾಸ್ತರರು ಗೀಟು ಎಳೆದು ತೆಗೆದುಹಾಕಿದ ಹೆಸರದು. ಇವತ್ತಿಗೂ ಹೊಸ ಬಲೆಯ ಮೊದಲ ಗಂಟು ಹಾಕುವಾಗ, ಗಂಟಿನಿಂದ ಗಂಟಿಗೆ ಸರಿಯುತ್ತಿದ್ದ ಭಟ್ ಸರ್ ಬೆರಳು ಕಣ್ಣಿಗೆ ಕಟ್ಟುತ್ತದೆ.